ಎದೆಮೂಳೆ ಕೂಡುವ ಕಾಲ

ಕೇಳುಗರಿಗೆಲ್ಲ ನಮಸ್ಕಾರ.

"ಸಿಸ್ಟರ್, ಇವರನ್ನ ಮುಟ್ಟಬಹುದಾ?"

ಹೃದಯ ಶಸ್ತ್ರಚಿಕಿತ್ಸೆಯ ಐಸಿಯುನಲ್ಲಿ ನಾನು ನರ್ಸ್ ಆಗಿದ್ದ ಅಷ್ಟೂ ವರ್ಷ ಈ ಪ್ರಶ್ನೆಯನ್ನು ಕೇಳದ ವಾರವಿಲ್ಲ. ಬೈಪಾಸ್ ಆಪರೇಷನ್ ಮುಗಿದು ಮೂರ್ನಾಲ್ಕು ಗಂಟೆ ಆಗಿರುತ್ತದೆ. ಹೆಂಡತಿಯನ್ನೋ ಮಗನನ್ನೋ ಐದು ನಿಮಿಷಕ್ಕೆಂದು ಒಳಗೆ ಬಿಡುತ್ತೇವೆ. ಬಂದವರು ಮಂಚದ ಕಾಲಿನ ಹತ್ತಿರವೇ ನಿಂತುಬಿಡುತ್ತಾರೆ. ಮಲಗಿರುವವರ ಮುಖ ಊದಿಕೊಂಡಿದೆ. ಬಾಯಲ್ಲಿ ಕೊಳವೆ, ಕುತ್ತಿಗೆಯಲ್ಲಿ ಸೂಜಿ, ಎದೆಯ ಕೆಳಗಿನಿಂದ ಹೊರಬಂದ ದಪ್ಪ ಟ್ಯೂಬುಗಳಲ್ಲಿ ಕೆಂಪು ನೀರು ಇಳಿಯುತ್ತಿದೆ. ಕೈ ತಣ್ಣಗಿದೆ. ಬೆಳಿಗ್ಗೆ ಸ್ಟ್ರೆಚರ್ ಮೇಲಿಂದ ಕೈಬೀಸಿ ಹೋದವರು ಇವರೇನಾ ಅನ್ನಿಸುತ್ತದೆ.

ಮುಟ್ಟಬಹುದು. ಕೈ ಹಿಡಿದುಕೊಂಡು ಮಾತಾಡಿಸಿ. ಕಣ್ಣು ಮುಚ್ಚಿದ್ದರೂ ಎಷ್ಟೋ ಸಲ ಅವರಿಗೆ ನಿಮ್ಮ ದನಿ ಕೇಳಿಸುತ್ತಿರುತ್ತದೆ. ಬಾಯಲ್ಲಿರುವುದು ವೆಂಟಿಲೇಟರಿನ ಕೊಳವೆ. ಅದು ಗಂಟಲ ಧ್ವನಿತಂತುಗಳ ನಡುವೆ ಹಾದುಹೋಗುವುದರಿಂದ ಎಚ್ಚರವಾದರೂ ಮಾತು ಬರುವುದಿಲ್ಲ. ಎಲ್ಲ ಸರಿಯಿದ್ದರೆ ಅದೇ ದಿನವೋ ಮರುದಿನ ಬೆಳಿಗ್ಗೆಯೋ ಅದನ್ನು ತೆಗೆಯುತ್ತಾರೆ. ಮುಖದ ಊತ ಆಪರೇಷನ್ ವೇಳೆ ದೇಹಕ್ಕೆ ಕೊಟ್ಟ ದ್ರವದಿಂದ ಬಂದದ್ದು, ಕೆಲವು ದಿನಗಳಲ್ಲಿ ಮೂತ್ರದ ಮೂಲಕ ಇಳಿದುಹೋಗುತ್ತದೆ. ಟ್ಯೂಬುಗಳು ಎದೆಯೊಳಗೆ ರಕ್ತ ನಿಲ್ಲದಂತೆ ಹೊರಗೆ ಹರಿಸಲು ಇಟ್ಟವು. ಇದನ್ನೆಲ್ಲ ಹಿಂದಿನ ದಿನವೇ ಹತ್ತು ನಿಮಿಷ ಕೂರಿಸಿ ಹೇಳಿದ್ದರೆ ಬಂದವರು ಅಲ್ಲಿ ಹಾಗೆ ಕಲ್ಲಾಗಿ ನಿಲ್ಲುತ್ತಿರಲಿಲ್ಲ. ಅದಕ್ಕಾಗಿಯೇ ಇವತ್ತು ಈ ಮಾತು.

ಬೈಪಾಸ್ ಅಂದರೇನು? ಇಡೀ ದೇಹಕ್ಕೆ ರಕ್ತ ಕಳಿಸುವ ಹೃದಯಕ್ಕೂ ತನ್ನದೇ ರಕ್ತನಾಳಗಳು ಬೇಕು. ಅವು ಹೃದಯದ ಮೇಲ್ಮೈಯಲ್ಲೇ ಹರಡಿಕೊಂಡಿರುತ್ತವೆ. ಅಗಲ ಎರಡರಿಂದ ನಾಲ್ಕು ಮಿಲಿಮೀಟರ್, ಅಷ್ಟೇ. ಒಳಗೋಡೆಯಲ್ಲಿ ಕೊಬ್ಬು ಸೇರಿ ಈ ದಾರಿ ಕಿರಿದಾದಾಗ, ದೇಹದ ಬೇರೆ ಕಡೆಯಿಂದ ರಕ್ತನಾಳ ತಂದು ಬ್ಲಾಕ್ ಆಚೆಗೆ ಹೊಲಿದು ರಕ್ತಕ್ಕೆ ಬಳಸುದಾರಿ ಮಾಡುತ್ತಾರೆ. ಎದೆಮೂಳೆಯ ಹಿಂಬದಿ ಎಡಗಡೆ ಇಳಿದು ಬರುವ ಒಂದು ಧಮನಿಯನ್ನು ಹೃದಯದ ಮುಂಭಾಗದ ಮುಖ್ಯ ನಾಳಕ್ಕೆ ಜೋಡಿಸುವುದು ಸಾಮಾನ್ಯ. ಉಳಿದವಕ್ಕೆ ಕಾಲಿನ ಅಭಿಧಮನಿ, ಕೆಲವೊಮ್ಮೆ ಮುಂಗೈಯ ಧಮನಿ. 1953ರಲ್ಲಿ ಅಮೆರಿಕದ ಸರ್ಜನ್ ಜಾನ್ ಗಿಬ್ಬನ್, ಹೃದಯ ಮತ್ತು ಶ್ವಾಸಕೋಶದ ಕೆಲಸವನ್ನು ತಾತ್ಕಾಲಿಕವಾಗಿ ಮಾಡುವ ಯಂತ್ರ ಬಳಸಿ ಮೊದಲ ಯಶಸ್ವಿ ಹೃದಯದ ಆಪರೇಷನ್ ಮಾಡಿದರು. 1967ರಲ್ಲಿ ಅರ್ಜೆಂಟೀನಾದ ರೆನೆ ಫವಲೋರೊ, ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ, ಕಾಲಿನ ರಕ್ತನಾಳ ಬಳಸುವ ಬೈಪಾಸನ್ನು ರೂಢಿಗೆ ತಂದರು. ಇಂದು ಅದೇ ಯಂತ್ರ ಹಾಕಿ ಹೃದಯ ನಿಲ್ಲಿಸಿ ಹೊಲಿಯುವವರಿದ್ದಾರೆ, ಮಿಡಿಯುತ್ತಿರುವಾಗಲೇ ಹೊಲಿಯುವವರೂ ಇದ್ದಾರೆ.

"ನಮ್ಮ ತಂದೆಗೆ ನಾಲ್ಕು ಬೈಪಾಸ್ ಆಯ್ತು, ಅವರಿಗೆ ಎರಡೇ" ಎಂದು ವರಾಂಡದಲ್ಲಿ ಲೆಕ್ಕ ಹಾಕುವವರನ್ನು ನೋಡಿದ್ದೇನೆ. ಆ ಸಂಖ್ಯೆ ಎಷ್ಟು ದಾರಿ ಹೊಲಿದರು ಅನ್ನುವುದನ್ನು ಮಾತ್ರ ಹೇಳುತ್ತದೆ. ಅಪಾಯ ಎಷ್ಟು ಅನ್ನುವುದು ಬೇರೆ ವಿಷಯಗಳ ಮೇಲೆ ನಿಂತಿದೆ: ವಯಸ್ಸು, ಹೃದಯದ ಪಂಪಿಂಗ್ ಶಕ್ತಿ, ಮೂತ್ರಪಿಂಡ, ಶ್ವಾಸಕೋಶ, ಸಕ್ಕರೆ ಕಾಯಿಲೆ, ಮತ್ತು ಮುಖ್ಯವಾಗಿ, ದಿನ ಗೊತ್ತುಮಾಡಿಕೊಂಡು ಮಾಡುವ ಆಪರೇಷನ್ನೋ ಹೃದಯಾಘಾತದ ನಡುವೆ ತುರ್ತಾಗಿ ಮಾಡಿದ್ದೋ ಅನ್ನುವುದು.

ಸ್ಟೆಂಟ್, ಅಂದರೆ ಕಿರಿದಾದ ನಾಳವನ್ನು ಒಳಗಿನಿಂದ ತೆರೆದಿಡುವ ಪುಟ್ಟ ಜಾಲರಿ ಕೊಳವೆ, ಹಾಕಿದರೆ ಸಾಲದೇ, ಎದೆ ಯಾಕೆ ಸೀಳಬೇಕು ಎಂದು ಕೇಳುವುದು ಸಹಜ. ಎಷ್ಟೋ ಜನರಿಗೆ ಸ್ಟೆಂಟ್ ಸಾಕು. ಆದರೆ ಎಡಭಾಗದ ಮೂಲ ನಾಳದಲ್ಲೇ ಬ್ಲಾಕ್ ಇದ್ದಾಗ, ಹೃದಯದ ಮೂರೂ ಮುಖ್ಯ ನಾಳ ಕೆಟ್ಟಿದ್ದಾಗ, ಜೊತೆಗೆ ಸಕ್ಕರೆ ಕಾಯಿಲೆಯೂ ಇದ್ದಾಗ ವೈದ್ಯರು ಬೈಪಾಸ್ ಕಡೆ ವಾಲುತ್ತಾರೆ. ಸಕ್ಕರೆ ಕಾಯಿಲೆಯ ಜೊತೆ ಒಂದಕ್ಕಿಂತ ಹೆಚ್ಚು ನಾಳಗಳಲ್ಲಿ ಬ್ಲಾಕ್ ಇದ್ದ ಸುಮಾರು 1900 ಜನರ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಐದು ವರ್ಷದ ಲೆಕ್ಕದಲ್ಲಿ ಬೈಪಾಸ್ ಆದವರಲ್ಲಿ ಸಾವು, ಹೃದಯಾಘಾತ ಕಡಿಮೆ ಇತ್ತು. ಪಾರ್ಶ್ವವಾಯು ಮಾತ್ರ ಸ್ಟೆಂಟ್ ಹಾಕಿಸಿಕೊಂಡವರಿಗಿಂತ ಹೆಚ್ಚಿತ್ತು. ಎರಡನ್ನೂ ತಿಳಿದು ಸಹಿ ಹಾಕಿದರೆ ಅದು ನಿಜವಾದ ಒಪ್ಪಿಗೆ.

ಸಹಿ ಅಂದೆ. ಒಪ್ಪಿಗೆ ಪತ್ರ ಮುಂದಿಟ್ಟಾಗ ಮನೆಯವರು ಕೇಳುವುದು "ಗ್ಯಾರಂಟಿ ಇದೆಯಾ ಡಾಕ್ಟ್ರೇ?" ಎಂದು. ಅದಕ್ಕೆ ಯಾರೂ ಉತ್ತರ ಕೊಡಲಾರರು. ಬದಲಿಗೆ "ಇವರ ವಯಸ್ಸಿಗೆ, ಇವರ ಕಾಯಿಲೆಗಳಿಗೆ, ನೂರಕ್ಕೆ ಎಷ್ಟು ಅಪಾಯ?" ಎಂದು ಕೇಳಿ. ಅದನ್ನು ಅಂದಾಜು ಮಾಡುವ ಲೆಕ್ಕಾಚಾರ ಸರ್ಜನ್‌ಗಳ ಬಳಿ ಇರುತ್ತದೆ. ಮೊದಲೇ ದಿನ ಗೊತ್ತುಮಾಡಿದ, ಬೇರೆ ದೊಡ್ಡ ತೊಂದರೆ ಇಲ್ಲದವರ ಆಪರೇಷನ್ನಿನಲ್ಲಿ ಜೀವಾಪಾಯ ನೂರಕ್ಕೆ ಒಂದೆರಡು. ಪಾರ್ಶ್ವವಾಯು ಕೂಡ ಹೆಚ್ಚುಕಡಿಮೆ ಅಷ್ಟೇ. ರಕ್ತಸ್ರಾವ ನಿಲ್ಲದೆ ಮತ್ತೆ ಥಿಯೇಟರಿಗೆ ಹೋಗಬೇಕಾದವರು ಕೆಲವರು ಇರುತ್ತಾರೆ. ಮೂತ್ರಪಿಂಡ ಸ್ವಲ್ಪ ದಿನ ಮುನಿಸಿಕೊಳ್ಳಬಹುದು. ಎದೆಮೂಳೆಯ ಆಳಕ್ಕೆ ಸೋಂಕು ಇಳಿಯುವುದು ಅಪರೂಪ, ಇಳಿದರೆ ಗಂಭೀರ. ಸಕ್ಕರೆ ಹಿಡಿತದಲ್ಲಿಲ್ಲದವರಿಗೆ, ತೂಕ ಬಹಳ ಇರುವವರಿಗೆ, ಬೀಡಿ ಸಿಗರೇಟು ಬಿಡದವರಿಗೆ ಅದರ ಸಾಧ್ಯತೆ ಜಾಸ್ತಿ. ಆಪರೇಷನ್ನಿಗೆ ಕೆಲವು ವಾರ ಸಮಯವಿದ್ದು ಧೂಮಪಾನ ಬಿಟ್ಟರೆ ಆ ವಾರಗಳೇ ಸಾಕಷ್ಟು ಕೆಲಸ ಮಾಡುತ್ತವೆ. ತೆಗೆದುಕೊಳ್ಳುತ್ತಿರುವ ಪ್ರತಿಯೊಂದು ಮಾತ್ರೆಯನ್ನೂ ಚೀಲದಲ್ಲಿ ಹಾಕಿ ತಂದು ತೋರಿಸಿ. ರಕ್ತ ತೆಳುವಾಗಿಸುವ ಮಾತ್ರೆ ಯಾವುದನ್ನು ಯಾವ ದಿನ ನಿಲ್ಲಿಸಬೇಕು ಎಂದು ವೈದ್ಯರೇ ಹೇಳಬೇಕು. ಪಕ್ಕದ ಮಂಚದವರ ಮಾತು ಕೇಳಿ ನಿಲ್ಲಿಸಬೇಡಿ.

ಇನ್ನೊಂದು ಬಹಳ ಜನರಿಗೆ ಆಗುತ್ತದೆ, ಆದರೆ ಮುಂಚೆ ಯಾರೂ ಹೇಳಿರುವುದಿಲ್ಲ. ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ, ಎಲ್ಲ ಸರಿಹೋಯಿತು ಅನ್ನುವಾಗಲೇ, ಹೃದಯ ತಾಳ ತಪ್ಪಿ ಓಡತೊಡಗುತ್ತದೆ. ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ. ಮಾನಿಟರ್ ಕೂಗುತ್ತದೆ, ನಾವು ಓಡಿ ಬರುತ್ತೇವೆ, ಮನೆಯವರ ಜೀವ ಬಾಯಿಗೆ ಬರುತ್ತದೆ. ಔಷಧಿಯಿಂದ ಹೆಚ್ಚಿನವರಿಗೆ ತಾಳ ಮರಳುತ್ತದೆ. ಅದರಿಂದ ಆಸ್ಪತ್ರೆಯ ವಾಸ ಒಂದೆರಡು ದಿನ ಬೆಳೆಯಬಹುದು.

ಮತ್ತೆ ರಾತ್ರಿಗಳ ವಿಷಯ. ಒಬ್ಬ ನಿವೃತ್ತ ಮೇಷ್ಟ್ರು ನೆನಪಾಗುತ್ತಾರೆ. ಎರಡನೇ ರಾತ್ರಿ ಪೂರ್ತಿ ಹಾಜರಿ ತೆಗೆದುಕೊಂಡರು. ಹೊದಿಕೆಯ ಅಂಚನ್ನು ಪುಸ್ತಕದ ಹಾಳೆಯಂತೆ ಮಗುಚುತ್ತಾ ಒಂದೊಂದೇ ಹೆಸರು ಕೂಗುವುದು, ಉತ್ತರ ಬರದಿದ್ದರೆ ನನ್ನ ಕಡೆ ನೋಡಿ ಗದರುವುದು. ಸೂಜಿಯನ್ನು ಎರಡು ಸಲ ಕಿತ್ತರು. ಹೊರಗೆ ಮಗ ಅಳುತ್ತಿದ್ದ, "ಅಪ್ಪನಿಗೆ ಬುದ್ಧಿ ಹೋಯ್ತಾ ಸಿಸ್ಟರ್?" ಎಂದು. ಹೋಗಿರಲಿಲ್ಲ. ದೊಡ್ಡ ಆಪರೇಷನ್ನಿನ ನಂತರ, ಅದರಲ್ಲೂ ವಯಸ್ಸಾದವರಿಗೆ, ಕೆಲವು ದಿನ ಹೀಗೆ ಗೊಂದಲ ಕವಿಯುವುದುಂಟು. ನಿದ್ದೆಯಿಲ್ಲ, ಹಗಲು ರಾತ್ರಿ ಒಂದೇ ಬೆಳಕು, ನೋವಿನ ಔಷಧಿ, ಗುರುತಿಲ್ಲದ ಮುಖಗಳು. ಮಗನಿಗೆ ಕನ್ನಡಕ ತರಲು ಹೇಳಿದೆ. ಕನ್ನಡಕ ಹಾಕಿ, ಗೋಡೆ ಗಡಿಯಾರ ಕಾಣುವ ಹಾಗೆ ಮಂಚ ತಿರುಗಿಸಿ, ಮಗನನ್ನು ಪಕ್ಕದಲ್ಲಿ ಕೂರಿಸಿದೆವು. ಅವನು ವಾದ ಮಾಡದೆ, ಇದು ಆಸ್ಪತ್ರೆ, ಇವತ್ತು ಇಂಥ ವಾರ ಎಂದು ಮೆಲ್ಲಗೆ ಹೇಳುತ್ತಿದ್ದ. ನಾಲ್ಕನೇ ಬೆಳಿಗ್ಗೆ ಮೇಷ್ಟ್ರು ತಾವಾಗಿಯೇ ತಾರೀಖು ಹೇಳಿ, ನಾನು ಏನಾದರೂ ಅಂದೆನೇನಮ್ಮ ಎಂದು ಕೇಳಿದರು. ಕನ್ನಡಕ, ಕಿವಿಯ ಯಂತ್ರ, ಹಲ್ಲಿನ ಸೆಟ್ಟು, ಇವನ್ನು ಮನೆಯಲ್ಲಿ ಬಿಟ್ಟು ಬರಬೇಡಿ.

ವಾರ್ಡಿಗೆ ಬಂದ ಮೇಲೆ ರೋಗಿಯ ಅತಿ ಮುಖ್ಯ ಸಲಕರಣೆ ಒಂದು ದಿಂಬು. ಸೀಳಿದ ಎದೆಮೂಳೆಯನ್ನು ಉಕ್ಕಿನ ತಂತಿಯಿಂದ ಬಿಗಿದಿರುತ್ತಾರೆ, ಕೆಮ್ಮಿದರೆ ಬಿಚ್ಚಿಹೋಗುತ್ತದೋ ಎಂದು ರೋಗಿಗಳು ಹೆದರಿ ಕೆಮ್ಮನ್ನೇ ನುಂಗುತ್ತಾರೆ. ಕಫ ಶ್ವಾಸಕೋಶದಲ್ಲೇ ಉಳಿದರೆ ನ್ಯುಮೋನಿಯಾಕ್ಕೆ ದಾರಿ. ದಿಂಬನ್ನು ಎರಡೂ ಕೈಯಿಂದ ಎದೆಗೆ ಒತ್ತಿ ಅಪ್ಪಿಕೊಂಡು ಜೋರಾಗಿ ಕೆಮ್ಮಬೇಕು. ಏಳುವಾಗ ಕೈ ಊರಿ ಏಳುವಂತಿಲ್ಲ. ಮಂಡಿ ಮಡಚಿ, ದಿಂಬು ಅಪ್ಪಿ, ಮರದ ದಿಮ್ಮಿಯಂತೆ ಇಡೀ ಮೈ ಒಂದು ಮಗ್ಗುಲಿಗೆ ಉರುಳಿಸಿ, ಕಾಲನ್ನು ಮಂಚದಿಂದ ಇಳಿಬಿಟ್ಟು ಆ ಭಾರದಲ್ಲೇ ಮೇಲೇಳಬೇಕು. ಇದನ್ನು ಆಪರೇಷನ್ನಿಗೆ ಮುಂಚೆ ಮನೆಯಲ್ಲೇ ಹತ್ತು ಸಲ ಅಭ್ಯಾಸ ಮಾಡಿಕೊಂಡು ಬಂದವರು ಉಳಿದವರಿಗಿಂತ ಎಷ್ಟು ಸಲೀಸಾಗಿ ಎದ್ದು ಕೂರುತ್ತಾರೆ ಅನ್ನುವುದನ್ನು ಕಣ್ಣಾರೆ ಕಂಡಿದ್ದೇನೆ.

ತೊಡಕಿಲ್ಲದಿದ್ದರೆ ಸಾಮಾನ್ಯವಾಗಿ ಒಂದು ವಾರದ ಹೊತ್ತಿಗೆ ಮನೆ. ಈ ಡಿಸ್ಚಾರ್ಜ್ ದಿನದ ಬಗ್ಗೆ ನನಗೆ ಇಂದಿಗೂ ಸಿಟ್ಟಿದೆ. ಐದು ಗಂಟೆ ಆಪರೇಷನ್ ಮಾಡುವ ನಾವು, ಮೂರು ತಿಂಗಳ ಆರೈಕೆಯನ್ನು ಲಿಫ್ಟಿನ ಎದುರು ನಿಂತು ಐದು ನಿಮಿಷದಲ್ಲಿ ಹೇಳಿ ಕಳಿಸಿದ್ದೇವೆ. ನಾನೂ ಕಳಿಸಿದ್ದೇನೆ. ದಯವಿಟ್ಟು ಅವಸರಕ್ಕೆ ಒಪ್ಪಬೇಡಿ. ಕೂತುಕೊಂಡು, ಪ್ರತಿ ಮಾತ್ರೆ ಯಾಕೆ, ಎಷ್ಟು ದಿನ ಎಂದು ಬರೆಸಿಕೊಳ್ಳಿ.

ಎದೆಮೂಳೆ ಒಂದು ಹಂತಕ್ಕೆ ಕೂಡಲು ಆರರಿಂದ ಎಂಟು ವಾರ ಬೇಕು, ಪೂರ್ತಿ ಗಟ್ಟಿಯಾಗಲು ಮೂರು ತಿಂಗಳಾದರೂ ಬೇಕು. ಅಲ್ಲಿಯವರೆಗೆ ಭಾರ ಎತ್ತುವಂತಿಲ್ಲ, ತುಂಬಿದ ಬಕೆಟ್ ಬೇಡ, ಮೊಮ್ಮಗುವನ್ನೂ ಎತ್ತಿಕೊಳ್ಳುವುದು ಬೇಡ, ಮಗು ಬಂದು ಪಕ್ಕದಲ್ಲಿ ಕೂರಲಿ. ವಾಹನ ಓಡಿಸುವುದು ವೈದ್ಯರು ಒಪ್ಪಿದ ಮೇಲೆ. ಎದೆಗಿಂತ ಕಾಲೇ ಹೆಚ್ಚು ನೋಯುತ್ತದೆ ಎಂದು ಬಹಳ ಜನ ಹೇಳುತ್ತಾರೆ. ರಕ್ತನಾಳ ತೆಗೆದ ಕಾಲು ಊದುತ್ತದೆ, ಕೂತಾಗ ಎತ್ತರಕ್ಕೆ ಇಟ್ಟುಕೊಳ್ಳಿ. ಎದೆಯ ಎಡಭಾಗ ತಿಂಗಳುಗಟ್ಟಲೆ ಜೋಮು ಹಿಡಿದಂತಿರಬಹುದು. ಬಾಯಿಗೆ ರುಚಿಯಿಲ್ಲ, ನಿದ್ದೆ ತುಂಡುತುಂಡು, ಕೆಟ್ಟ ಕನಸು. ಇವೆಲ್ಲ ಬರುತ್ತವೆ, ಹೋಗುತ್ತವೆ.

ಅಳುವೂ ಬರುತ್ತದೆ. ಜೀವನದಲ್ಲಿ ಕಣ್ಣೀರು ಹಾಕದ ಗಂಡಸು ಮೂರನೇ ವಾರ ಕಿಟಕಿಯ ಹತ್ತಿರ ಕೂತು ಸುಮ್ಮನೆ ಅಳುತ್ತಾರೆ. ಇಲ್ಲವೇ ಕಾಫಿ ತಣ್ಣಗಾಯಿತೆಂದು ಹೆಂಡತಿಯ ಮೇಲೆ ಎಗರುತ್ತಾರೆ. "ಜೀವ ಉಳೀತಲ್ಲ, ಇನ್ನೇನು ನಿಮಗೆ?" ಅನ್ನಬೇಡಿ. ಸಾವನ್ನು ಅಷ್ಟು ಹತ್ತಿರದಿಂದ ಕಂಡು ಬಂದ ಮನಸ್ಸು ಅದು. ಹೆಚ್ಚಿನವರು ಕ್ರಮೇಣ ಚೇತರಿಸಿಕೊಳ್ಳುತ್ತಾರೆ. ಎರಡು ವಾರ ಕಳೆದರೂ ಮಂಕು ಇಳಿಯದಿದ್ದರೆ, ಯಾವುದರಲ್ಲೂ ಆಸೆಯೇ ಇಲ್ಲದಿದ್ದರೆ, ವೈದ್ಯರಿಗೆ ಹೇಳಿ. ಖಿನ್ನತೆಗೆ ಚಿಕಿತ್ಸೆ ಇದೆ, ಮತ್ತು ಖಿನ್ನತೆ ಹಾಗೇ ಉಳಿದರೆ ಹೃದಯದ ಚೇತರಿಕೆಯೂ ಹಿಂದೆ ಬೀಳುತ್ತದೆ.

ನೋಡಿಕೊಳ್ಳುವವರ ಬಗ್ಗೆ ಯಾರು ಕೇಳುತ್ತಾರೆ? ರಾತ್ರಿ ಎದ್ದೆದ್ದು ಉಸಿರಾಡುತ್ತಿದ್ದಾರಾ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡುವ ಹೆಂಡತಿಯರನ್ನು ಬಲ್ಲೆ. ತಮ್ಮ ಬಿಪಿ ಮಾತ್ರೆಯನ್ನೇ ಮರೆತು ಒಬ್ಬರು ವಾರ್ಡಿನಲ್ಲೇ ಕುಸಿದಿದ್ದರು. ಮನೆಯಲ್ಲಿ ಇಬ್ಬರು ಮೂವರಿದ್ದರೆ ರಾತ್ರಿಗಳನ್ನು ಹಂಚಿಕೊಳ್ಳಿ. ರೋಗಿಯನ್ನು ಲೋಟವನ್ನೂ ಎತ್ತಲು ಬಿಡದೆ ಕೂರಿಸುವುದೂ ಉಪಕಾರವಲ್ಲ. ಮೊದಲು ದಿನಕ್ಕೆ ಎರಡು ಸಲ ಐದೈದು ನಿಮಿಷ ಸಮತಟ್ಟಾದ ಜಾಗದಲ್ಲಿ ನಡೆಯಲಿ, ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಲಿ. ನಡೆಯುತ್ತಾ ಮಾತಾಡಲು ಆಗುತ್ತಿದ್ದರೆ ವೇಗ ಸರಿಯಿದೆ. ಹೃದ್ರೋಗಿಗಳಿಗೆಂದೇ ಮೇಲ್ವಿಚಾರಣೆಯಲ್ಲಿ ವ್ಯಾಯಾಮ ಕಲಿಸುವ ವ್ಯವಸ್ಥೆ ಆಸ್ಪತ್ರೆಯಲ್ಲಿದ್ದರೆ ತಪ್ಪದೆ ಸೇರಿಸಿ. ಗಂಡ ಹೆಂಡತಿ ಕೇಳಲು ನಾಚುವ ಪ್ರಶ್ನೆಯೊಂದಿದೆ. ಎರಡು ಮಹಡಿ ಮೆಟ್ಟಿಲು ಏದುಸಿರಿಲ್ಲದೆ ಹತ್ತುವ ಹೊತ್ತಿಗೆ ದಾಂಪತ್ಯ ಜೀವನಕ್ಕೂ ಸಾಮಾನ್ಯವಾಗಿ ಅಡ್ಡಿಯಿಲ್ಲ, ಎದೆಮೂಳೆಯ ಮೇಲೆ ಭಾರ ಬೀಳದಂತೆ ನೋಡಿಕೊಂಡರೆ ಸಾಕು.

ಯಾವಾಗ ಕಾಯಬಾರದು? ದಿನಾ ಬೆಳಿಗ್ಗೆ ತೂಕ ನೋಡಿ ಬರೆದಿಡಿ. ಒಂದೇ ದಿನದಲ್ಲಿ ಒಂದು ಕಿಲೋಗಿಂತ ಹೆಚ್ಚು ಏರಿದರೆ, ಕಾಲು ಬಾತು ಮಲಗಿದಾಗ ಉಸಿರು ಕಟ್ಟಿದರೆ, ದೇಹದಲ್ಲಿ ನೀರು ನಿಲ್ಲುತ್ತಿದೆ ಎಂದರ್ಥ. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಗಾಯ ಕೆಂಪಾಗಿ ಒಸರಿದರೆ, ಕೆಮ್ಮಿದಾಗ ಎದೆಮೂಳೆ ಕಟಕ್ ಎಂದು ಜರುಗಿದಂತಾದರೆ ಅದೇ ದಿನ ವೈದ್ಯರಿಗೆ ತಿಳಿಸಿ. ಮುಖ ಓರೆಯಾಗುವುದು, ಮಾತು ತೊದಲುವುದು, ಒಂದು ಕೈ ಸೋಲುವುದು, ಮೊದಲಿನಂತೆಯೇ ಎದೆ ಹಿಂಡುವುದು, ಎಚ್ಚರ ತಪ್ಪುವುದು, ಇವಕ್ಕೆ ಫೋನಿನಲ್ಲಿ ಸಲಹೆ ಕೇಳುತ್ತಾ ಕೂರದೆ ನೇರ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.

ಬೈಪಾಸ್ ಬ್ಲಾಕನ್ನು ದಾಟಿಸಿದೆ, ಬ್ಲಾಕ್ ತಂದ ಕಾಯಿಲೆ ಒಳಗೇ ಇದೆ. ಎದೆಯಿಂದ ತಂದ ಧಮನಿ ಹತ್ತು ವರ್ಷದ ನಂತರವೂ ನೂರಕ್ಕೆ ತೊಂಬತ್ತರ ಹತ್ತಿರ ತೆರೆದೇ ಇರುತ್ತದೆ. ಕಾಲಿನಿಂದ ತಂದ ನಾಳಗಳು ಅಷ್ಟು ಬಾಳುವುದಿಲ್ಲ, ಹತ್ತು ವರ್ಷದಲ್ಲಿ ಅರ್ಧದ ಹತ್ತಿರ ಮುಚ್ಚಿಹೋಗಬಹುದು. ಆಸ್ಪಿರಿನ್, ಕೊಲೆಸ್ಟ್ರಾಲ್ ಮಾತ್ರೆ ನಿಲ್ಲಿಸಬೇಡಿ ಅನ್ನುವುದು ಇದಕ್ಕೇ. ಆರು ತಿಂಗಳಾದ ಮೇಲೆ "ಈಗ ಚೆನ್ನಾಗಿದೀನಲ್ಲ" ಎಂದು ಮಾತ್ರೆ ಬಿಟ್ಟು ಮತ್ತೆ ನಮ್ಮಲ್ಲಿಗೇ ಬಂದವರನ್ನು ಬರಮಾಡಿಕೊಳ್ಳುವಾಗ ಹೊಟ್ಟೆ ಉರಿಯುತ್ತಿತ್ತು.

ಕೊನೆಯದಾಗಿ ಮಕ್ಕಳಿಗೆ, ಒಡಹುಟ್ಟಿದವರಿಗೆ. ತಂದೆ ಅಥವಾ ಅಣ್ಣತಮ್ಮಂದಿರಿಗೆ 55 ವರ್ಷದೊಳಗೆ, ತಾಯಿ ಅಥವಾ ಅಕ್ಕತಂಗಿಯರಿಗೆ 65ರೊಳಗೆ ಹೃದ್ರೋಗ ಬಂದಿದ್ದರೆ ನಿಮಗೂ ಅಪಾಯ ಹೆಚ್ಚು. ಅವರನ್ನು ಮೊದಲ ತಪಾಸಣೆಗೆ ಕರೆದುಕೊಂಡು ಹೋಗುವ ದಿನ ನಿಮ್ಮ ಬಿಪಿ, ಸಕ್ಕರೆ, ಕೊಲೆಸ್ಟ್ರಾಲನ್ನೂ ನೋಡಿಸಿಕೊಂಡು ಬನ್ನಿ.

ನಮಸ್ಕಾರ.