ಬ್ಲೇಡ್ ಎಳೆದತ್ತ ಫೆನ್ಸ್: ಮನೆಯ ಬ್ಯಾಂಡ್‌ಸಾ ಯಂತ್ರದಲ್ಲಿ ಅಲ್ಯೂಮಿನಿಯಂ

ಇವತ್ತು ಬೇಕಾಗಿರುವುದು ನಾಲ್ಕು ಅಲ್ಯೂಮಿನಿಯಂ ಪ್ಲೇಟುಗಳು. ಉದ್ದ 80 ಮಿ.ಮೀ., ಅಗಲ 60, ದಪ್ಪ 6. ಈ ವಿಡಿಯೊಗಳಿಗಾಗಿ ನಾನು ಮಾಡುತ್ತಿರುವ, ಕ್ಯಾಮೆರಾವನ್ನು ಸರಳುಗಳ ಮೇಲೆ ಜಾರಿಸುವ ಸ್ಲೈಡರ್‌ಗೆ ಇವು ಬೇಕು. ನಾಲ್ಕೂ ಒಂದೇ ಅಳತೆಗೆ ಬರದಿದ್ದರೆ ಅವುಗಳ ನಡುವಿನ ಸರಳುಗಳು ಸಮಾನಾಂತರವಾಗಿ ಕೂರುವುದಿಲ್ಲ, ಕ್ಯಾಮೆರಾ ಅರ್ಧ ದಾರಿಯಲ್ಲೇ ಬಿಗಿದುಕೊಳ್ಳುತ್ತದೆ.

ವರ್ಕ್‌ಶಾಪುಗಳಿರುವ ಗೋಕುಲ ರಸ್ತೆಗೆ ಹೋದರೆ ಕತ್ತರಿಸಿ ಕೊಡುತ್ತಾರಲ್ಲ ಎಂದು ನೀವು ಕೇಳಬಹುದು. ಕೊಡುತ್ತಾರೆ. ವಾಲ್ವ್ ತಯಾರಿಸುವ ಹುಬ್ಬಳ್ಳಿಯಲ್ಲಿ ಲೋಹ ಕತ್ತರಿಸುವವರಿಗೇನು ಬರ? ಆದರೆ ದೊಡ್ಡ ಕೆಲಸಗಳ ನಡುವೆ ನನ್ನ ನಾಲ್ಕು ತುಂಡುಗಳಿಗೆ ಸರದಿ ಬರುವಷ್ಟರಲ್ಲಿ ಉತ್ಸಾಹವೇ ಆರಿಹೋಗಿರುತ್ತದೆ. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಬ್ಯಾಂಡ್‌ಸಾ ಇದೆ, ಅಂದರೆ ಚಕ್ರಗಳ ಮೇಲೆ ಬಳೆಯಂತೆ ಸುತ್ತುವ ಬ್ಲೇಡಿನ ಗರಗಸ ಯಂತ್ರ. ಗುಜರಿಯಿಂದ ತಂದ ಅಲ್ಯೂಮಿನಿಯಂ ಪಟ್ಟಿಯೂ ಇದೆ.

ಈ ಯಂತ್ರ ಮರಕ್ಕಾಗಿ ಮಾಡಿದ್ದು. ಬ್ಲೇಡ್ ನಿಮಿಷಕ್ಕೆ ಸುಮಾರು 800 ಮೀಟರ್ ಓಡುತ್ತದೆ. ಈ ವೇಗದಲ್ಲಿ ಉಕ್ಕಿಗೆ ಒಡ್ಡಿದರೆ ಹಲ್ಲುಗಳು ಸುಟ್ಟುಹೋಗುತ್ತವೆ, ಅಲ್ಯೂಮಿನಿಯಂ ತಾಳಿಕೊಳ್ಳುತ್ತದೆ. ಹಾಗೆಂದು ಮರದ ಬ್ಲೇಡನ್ನೇ ಹಾಕಬೇಡಿ. ಲೋಹದ ದಪ್ಪದೊಳಗೆ ಯಾವಾಗಲೂ ಮೂರು ಹಲ್ಲುಗಳಾದರೂ ಇರಬೇಕು. 6 ಮಿ.ಮೀ. ದಪ್ಪಕ್ಕೆ ಇಂಚಿಗೆ 14 ಹಲ್ಲಿನ ಬೈಮೆಟಲ್ ಬ್ಲೇಡ್ (ಬೆನ್ನಿಗೆ ಬಳುಕುವ ಉಕ್ಕು, ಹಲ್ಲಿಗೆ ಗಡಸು ಉಕ್ಕು) ಸರಿಹೋಗುತ್ತದೆ. ಅದೇ ಬ್ಲೇಡನ್ನು ಒಂದಿಂಚಿನ ದಿಮ್ಮಿಗೆ ಹಾಕಿದರೆ ಪುಡಿ ಹೊರಬೀಳಲು ಜಾಗವಿರುವುದಿಲ್ಲ. ಅಲ್ಲಿಗೆ ಇಂಚಿಗೆ 6 ಹಲ್ಲು ಸಾಕು.

ಈಗ ಕ್ಯಾಮೆರಾವನ್ನು ಹತ್ತಿರ ತರುತ್ತೇನೆ. ಎರಡು ಹಲ್ಲುಗಳ ನಡುವಿನ ತಗ್ಗಿನಲ್ಲಿ ಬೆಳ್ಳಗೆ ಹೊಳೆಯುತ್ತಿರುವುದು ಕಾಣಿಸುತ್ತಿದೆಯೇ? ಅಲ್ಲಿ ಅಲ್ಯೂಮಿನಿಯಂ ಮೆತ್ತಿಕೊಂಡಿದೆ. ಹೀಗೆ ಮೆತ್ತಿಕೊಂಡ ಬ್ಲೇಡ್ ಕತ್ತರಿಸುವುದಿಲ್ಲ, ಉಜ್ಜುತ್ತದೆ. ಉಜ್ಜಿದಷ್ಟೂ ಬಿಸಿಯಾಗಿ ಇನ್ನಷ್ಟು ಮೆತ್ತಿಕೊಳ್ಳುತ್ತದೆ. ಗರಗರ ಸದ್ದು ಕೀರಲಾಯಿತೆಂದರೆ ಇದೇ ಕಾರಣ. ಹಿತ್ತಾಳೆಯ ಬ್ರಷ್ಷಿನಿಂದ ತಿಕ್ಕಿ ತೆಗೆದು ಮೇಣ ಹಚ್ಚಿದರೆ ಸಾಕು. ಎರಡನ್ನೂ ಯಂತ್ರ ನಿಲ್ಲಿಸಿ, ಪ್ಲಗ್ ಕಿತ್ತು, ಬ್ಲೇಡನ್ನು ಕೈಯಿಂದ ತಿರುಗಿಸುತ್ತಲೇ ಮಾಡಿ. ಸೀಮೆಎಣ್ಣೆ ಸುರಿಯುವವರಿದ್ದಾರೆ, ಅದು ಚಕ್ರದ ಮೇಲಿನ ರಬ್ಬರ್ ಪಟ್ಟಿಯನ್ನು ಹಾಳುಮಾಡುತ್ತದೆ. ನನಗೆ ಮೇಣವೇ ಸರಿ.

ಇನ್ನು ಅಳತೆಯ ಮಾತು. ಬ್ಲೇಡನ್ನು ಸಾಕಷ್ಟು ಬಿಗಿದಿದ್ದೇನೆ, ಲಂಬಕೋನ ನೋಡುವ ಟ್ರೈ ಸ್ಕ್ವೇರ್ ಹಿಡಿದು ಮೇಜನ್ನು ಬ್ಲೇಡಿಗೆ ಲಂಬವಾಗಿಸಿದ್ದೇನೆ, ಬ್ಲೇಡ್ ಅಲುಗದಂತೆ ಹಿಡಿಯುವ ಮೇಲಿನ ಗೈಡನ್ನು ಲೋಹದಿಂದ 5 ಮಿ.ಮೀ. ಎತ್ತರಕ್ಕೆ ಇಳಿಸಿದ್ದೇನೆ. ಗೈಡ್ ಮೇಲಿದ್ದಷ್ಟೂ ಬ್ಲೇಡ್ ಒಲೆದಾಡುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಫೆನ್ಸಿಗೆ, ಅಂದರೆ ಮೇಜಿನ ಮೇಲೆ ಬಿಗಿದ ನೇರ ಆಸರೆಗೆ, ಒತ್ತಿ ತಳ್ಳಿದ ಪಟ್ಟಿ ವಾರೆಯಾಗಿ ಬರುತ್ತದೆ. ಏಕೆಂದರೆ ಪ್ರತಿ ಬ್ಲೇಡಿಗೂ ತನ್ನದೇ ಒಂದು ದಿಕ್ಕು ಇರುತ್ತದೆ. ಒಂದು ಬದಿಯ ಹಲ್ಲುಗಳು ಸ್ವಲ್ಪ ಮೊಂಡಾದರೂ ಅದು ಇನ್ನೊಂದು ಬದಿಗೆ ಎಳೆಯುತ್ತದೆ. ಎಡಕ್ಕೆ ಎಳೆಯುವ ಎತ್ತನ್ನು ಹೊಡೆದರೆ ಸಾಲು ನೇರವಾಗುವುದಿಲ್ಲ. ಬಲ್ಲ ಒಕ್ಕಲಿಗ ಆ ಎಳೆತವನ್ನು ಲೆಕ್ಕಕ್ಕೆ ಹಿಡಿದೇ ಮೇಳಿ ಹಿಡಿಯುತ್ತಾನೆ. ಇಲ್ಲಿಯೂ ಬ್ಲೇಡಿನೊಡನೆ ಜಗಳ ಬೇಡ, ಫೆನ್ಸನ್ನೇ ತಿರುಗಿಸೋಣ.

ಒಂದು ಬೇಡದ ಪಟ್ಟಿಯ ಮೇಲೆ ಅಂಚಿಗೆ ಸಮಾನಾಂತರವಾಗಿ ಗೆರೆ ಎಳೆದಿದ್ದೇನೆ. ಫೆನ್ಸ್ ತೆಗೆದು, ಗೆರೆಯನ್ನಷ್ಟೇ ನೋಡುತ್ತ ಬರಿಗೈಯಲ್ಲಿ ಅರ್ಧದವರೆಗೆ ಕತ್ತರಿಸುತ್ತೇನೆ. ಈಗ ಪಟ್ಟಿಯನ್ನು ಕದಲಿಸದೆ ಯಂತ್ರ ಆರಿಸಿ, ಪಟ್ಟಿಯ ಅಂಚಿಗೆ ಪೆನ್ಸಿಲ್ ಇಟ್ಟು ಮೇಜಿನ ಮೇಲೆ ಗೆರೆ ಹಾಕುತ್ತೇನೆ. ಬ್ಲೇಡ್ ಹೋಗಬಯಸುವ ದಿಕ್ಕು ಇದೇ. ಫೆನ್ಸನ್ನು ಈ ಗೆರೆಗೆ ಸಮಾನಾಂತರವಾಗಿ ಬಿಗಿದರೆ ಮುಗಿಯಿತು. ಬ್ಲೇಡ್ ಬದಲಾದಾಗ ಮತ್ತೆ ಇದನ್ನೇ ಮಾಡಬೇಕು. ಬೇಸರದ ಕೆಲಸ, ತಪ್ಪಿಸಿಕೊಳ್ಳುವ ದಾರಿಯಿಲ್ಲ.

ಈಗ ಪ್ಲೇಟುಗಳ ಸರದಿ. ಅವುಗಳ ಅಳತೆಯ ಗೆರೆಯಿಂದ ಅರ್ಧ ಮಿ.ಮೀ. ಹೊರಗೆ ಕತ್ತರಿಸುತ್ತಿದ್ದೇನೆ. ಕೈಗೆ ಗ್ಲೌಸ್ ಹಾಕಿಲ್ಲ. ಗ್ಲೌಸ್ ಬ್ಲೇಡಿಗೆ ಸಿಕ್ಕರೆ ಕೈಯನ್ನೂ ಒಳಗೆಳೆಯುತ್ತದೆ. ಕಣ್ಣಿಗೆ ಕನ್ನಡಕವಿದೆ, ಕೊನೆಯ ತುಣುಕನ್ನು ಮರದ ಕಡ್ಡಿಯಿಂದ ತಳ್ಳುತ್ತೇನೆ.

ತುಂಡು ಬಿದ್ದ ಕೂಡಲೇ ವರ್ನಿಯರ್ ಹಿಡಿಯಬೇಡಿ. ಪಕ್ಕದ ಮನೆಯ ಕಾಕಾ ಲೇತ್ ಯಂತ್ರದ ಟರ್ನರ್ ಆಗಿದ್ದವರು, "ಬಿಸಿ ಇದ್ದಾಗ ಅಳೆದರೆ ಅದು ಸುಳ್ಳು ಹೇಳುತ್ತದೆ ತಮ್ಮಾ" ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿ: ಅಲ್ಯೂಮಿನಿಯಂ ಒಂದು ಡಿಗ್ರಿಗೆ ಮೀಟರಿಗೆ 23 ಮೈಕ್ರಾನಿನಷ್ಟು ಹಿಗ್ಗುತ್ತದೆ. 80 ಮಿ.ಮೀ. ಪ್ಲೇಟು 40 ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ 0.07 ಮಿ.ಮೀ. ಉದ್ದವಾಗಿರುತ್ತದೆ. 0.02 ಮಿ.ಮೀ. ತೋರಿಸುವ ವರ್ನಿಯರಿಗೆ ಇದು ಚಿಕ್ಕ ತಪ್ಪಲ್ಲ.

ತಣ್ಣಗಾದ ನಾಲ್ಕನ್ನೂ ಒಟ್ಟಿಗೆ ವೈಸಿನಲ್ಲಿ ಹಿಡಿದು ಉಳಿದ ಅರ್ಧ ಮಿ.ಮೀ.ಯನ್ನು ಅರದಿಂದ ಉಜ್ಜುತ್ತೇನೆ. ಒಟ್ಟಿಗೆ ಉಜ್ಜಿದರೆ ನಾಲ್ಕರ ಅಳತೆಯೂ ಒಂದೇ ಆಗುತ್ತದೆ. ಅರದ ಮೇಲೆ ಮೊದಲು ಸೀಮೆಸುಣ್ಣ ಸವರಿದ್ದೇನೆ. ಇಲ್ಲದಿದ್ದರೆ ಪುಡಿ ಹಲ್ಲಿಗೆ ಸಿಕ್ಕಿಕೊಂಡು ಹೊಸ ಅಂಚಿನ ಮೇಲೆ ಗೀರು ಬೀಳುತ್ತದೆ. ಇನ್ನು ಒಂದು ಪ್ಲೇಟಿನಲ್ಲಿ ನೆಮಾ 17 ಎಂಬ ಪ್ರಮಾಣಿತ ಅಳತೆಯ ಮೋಟಾರು ಕೂರಿಸಲು 31 ಮಿ.ಮೀ. ಅಂತರದಲ್ಲಿ ನಾಲ್ಕು ತೂತು, ನಡುವೆ ಮೋಟಾರಿನ ಮುಖದ ದುಂಡನೆಯ ಉಬ್ಬು ಕೂರಲು 22 ಮಿ.ಮೀ.ಗಿಂತ ಕೂದಲೆಳೆಯಷ್ಟು ದೊಡ್ಡ ತೂತು ಕೊರೆಯಬೇಕು. ಅದು ಡ್ರಿಲ್ ಯಂತ್ರದ ಪಾಲಿನ ಕೆಲಸ, ಮುಂದಿನ ವಿಡಿಯೊದಲ್ಲಿ.