ಶುಕ್ರವಾರದ ರಾಶಿಯಲ್ಲಿ ಸಿಕ್ಕ ಕೆಲವು ಆಲ್ಬಮ್‌ಗಳು

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮಲ್ಲಿ ಶುಕ್ರವಾರ ಅಂದರೆ ಹೊಸ ಸಿನಿಮಾ. ಹೊರದೇಶದ ಸಂಗೀತದ ಹುಚ್ಚು ಹಿಡಿಸಿಕೊಂಡ ನನ್ನಂಥವರಿಗೆ ಶುಕ್ರವಾರ ಅಂದರೆ ಹೊಸ ಆಲ್ಬಮ್. ಇದು ಹಳೆಯ ಪದ್ಧತಿಯೇನಲ್ಲ. 2015ರ ಜುಲೈವರೆಗೆ ಅಮೆರಿಕದಲ್ಲಿ ಮಂಗಳವಾರ, ಬ್ರಿಟನ್ನಿನಲ್ಲಿ ಸೋಮವಾರ ಆಲ್ಬಮ್ ಬಿಡುಗಡೆ ಆಗುತ್ತಿತ್ತು. ಒಂದು ದೇಶದಲ್ಲಿ ಬಂದ ಹಾಡು ಇನ್ನೊಂದು ದೇಶದ ಅಂಗಡಿ ಮುಟ್ಟುವ ಮೊದಲೇ ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಕ್ಕಿಬಿಡುತ್ತಿತ್ತು. ಅದಕ್ಕೆ ರೆಕಾರ್ಡ್ ಕಂಪನಿಗಳು ಸೇರಿ, ಇಡೀ ಜಗತ್ತಿಗೆ ಒಂದೇ ದಿನ ಅಂತ ಶುಕ್ರವಾರವನ್ನು ಗೊತ್ತು ಮಾಡಿದವು.

ಈಗ ಶುಕ್ರವಾರ ಬೆಳಗ್ಗೆ ಫೋನ್ ತೆಗೆದರೆ ರಾಶಿ ರಾಶಿ ಹಾಡು. ಯಾವುದನ್ನು ಕೇಳುವುದು, ಯಾವುದನ್ನು ಬಿಡುವುದು? ಹಾಡು ಕೇಳಿಸುವ ಸ್ಪಾಟಿಫೈ ಆ್ಯಪ್‌ನ ಲೆಕ್ಕದಲ್ಲಿ ಒಂದು ಹಾಡನ್ನು 30 ಸೆಕೆಂಡು ಕೇಳಿದರೆ ಸಾಕು, ಕೇಳಿದ ಹಾಗೆ. ಹಾಗಾಗಿ ಎಷ್ಟೋ ಜನ ಹಾಡಿನ ಜೀವವನ್ನೆಲ್ಲ ಮೊದಲ 30 ಸೆಕೆಂಡಿಗೇ ತುರುಕುತ್ತಾರೆ. ವಾರವಾರದ ಜನಪ್ರಿಯ ಆಲ್ಬಮ್‌ಗಳ ಪಟ್ಟಿಯಲ್ಲಿ ಮೇಲೆ ಬರಬೇಕಾದರೂ ಎಷ್ಟು ಹಾಡು ಎಷ್ಟು ಸಲ ಓಡಿತು ಅನ್ನುವುದೇ ಮುಖ್ಯ. ಆಲ್ಬಮ್‌ನಲ್ಲಿ ಹಾಡು ಜಾಸ್ತಿ ಇದ್ದಷ್ಟೂ ಲಾಭ. 2017ರಲ್ಲಿ ಅಮೆರಿಕದ ಗಾಯಕ ಕ್ರಿಸ್ ಬ್ರೌನ್ 45 ಹಾಡುಗಳ ಆಲ್ಬಮ್ ತಂದರು. ಮುಂದಿನ ವರ್ಷ ಕೆನಡಾದ ರ‍್ಯಾಪರ್ ಡ್ರೇಕ್ 25 ಹಾಡು ಕೊಟ್ಟರು, ಹೆಚ್ಚುಕಡಿಮೆ ಒಂದೂವರೆ ಗಂಟೆ. ಅದರಲ್ಲಿ ಒಳ್ಳೆಯ ಹಾಡು ಇಲ್ಲವೇ ಇಲ್ಲ ಅಂತಲ್ಲ. ಹುಡುಕುವ ಕೆಲಸ ಮಾತ್ರ ನಮ್ಮದು.

ಹಿಪ್‌ಹಾಪ್ ಅಂದರೆ ತಾಳಕ್ಕೆ ಮಾತು ಹೆಣೆದು ಹೇಳುವ ರ‍್ಯಾಪ್ ಸಂಗೀತ, ಇಂಡೀ ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದೆ ಮಾಡುವ ಸಂಗೀತ. ನನಗೆ ಇತ್ತೀಚೆಗೆ ಹಿಡಿಸಿದ ಹಿಪ್‌ಹಾಪ್ ಮತ್ತು ಇಂಡೀ ಆಲ್ಬಮ್‌ಗಳಲ್ಲಿ ಒಂದು ಗುಣ ಎದ್ದು ಕಾಣುತ್ತದೆ. ಯಾವ ದಿನ ಬರಬೇಕು, ಎಷ್ಟು ಉದ್ದ ಇರಬೇಕು, ಎಲ್ಲಿ ಸಿಗಬೇಕು ಅನ್ನುವುದನ್ನೆಲ್ಲ ಹಾಡುವವರೇ ಕೂತು ತೀರ್ಮಾನ ಮಾಡಿದ್ದಾರೆ. ಆ ಹಟ ಹಾಡಿನೊಳಗೂ ಕೇಳಿಸುತ್ತದೆ.

ಟೈಲರ್ ದಿ ಕ್ರಿಯೇಟರ್ ಅವರನ್ನೇ ತೆಗೆದುಕೊಳ್ಳಿ. ಲಾಸ್ ಏಂಜಲೀಸ್ ಕಡೆಯ ರ‍್ಯಾಪರ್. ಶುಕ್ರವಾರದ ಬಿಡುಗಡೆಯೇ ಅವರಿಗೆ ಇಷ್ಟವಿಲ್ಲ. ವಾರದ ಕೊನೆಗೆ ಬಂದ ಹಾಡನ್ನು ಜನ ಪಾರ್ಟಿಯ ಗದ್ದಲದಲ್ಲಿ ಸುಮ್ನೆ ಹಾಕಿಕೊಂಡಿರುತ್ತಾರೆ, ಕೆಲಸದ ದಿನ ಬಂದರೆ ದಾರಿಯಲ್ಲಿ ಗಮನ ಕೊಟ್ಟು ಕೇಳುತ್ತಾರೆ ಅನ್ನುವುದು ಅವರ ವಾದ. 'ಕ್ರೊಮಕೋಪಿಯ' ಆಲ್ಬಮನ್ನು 2024ರ ಅಕ್ಟೋಬರ್ 28ರಂದು, ಸೋಮವಾರ, ಬೆಳಬೆಳಗ್ಗೆಯೇ ಬಿಟ್ಟರು. ಪಟ್ಟಿಯ ಲೆಕ್ಕ ಶುಕ್ರವಾರದಿಂದ ಗುರುವಾರದವರೆಗೆ. ಅಂದರೆ ಮೂರು ದಿನದ ಲೆಕ್ಕವನ್ನು ಬೇಕೆಂದೇ ಕಳೆದುಕೊಂಡ ಹಾಗೆ. ಆದರೂ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇ ಬಂತು.

ಈ ಆಲ್ಬಮ್ ಉದ್ದಕ್ಕೂ ಅವರ ತಾಯಿಯ ದನಿ ಇದೆ. ಹಾಡುವುದಿಲ್ಲ, ಮಾತಾಡುತ್ತಾರೆ. ಮಗನಿಗೆ ಬುದ್ಧಿ ಹೇಳುತ್ತಾರೆ, ಎಚ್ಚರಿಸುತ್ತಾರೆ, ಅಲ್ಲಲ್ಲಿ ಬೈಯುತ್ತಾರೆ. ಟೈಲರ್ ತಂದೆಯಿಲ್ಲದೆ ಬೆಳೆದವರು. ಮೊದಲಿನ ಹಾಡುಗಳಲ್ಲಿ ಆ ಸಿಟ್ಟನ್ನು ಕಕ್ಕುತ್ತಿದ್ದರು. ಇಲ್ಲಿ 'ಲೈಕ್ ಹಿಮ್' ಅನ್ನುವ ಹಾಡಿದೆ. ನಾನು ಅಪ್ಪನ ಹಾಗೆ ಕಾಣುತ್ತೇನಾ ಅಂತ ಮಗ ಕೇಳುತ್ತಾ ಹೋಗುತ್ತಾನೆ. ಹಾಡಿನ ಕೊನೆಗೆ ತಾಯಿ ಬಾಯಿಬಿಡುತ್ತಾರೆ: ಅವನು ನಿನಗೆ ಅಪ್ಪನಾಗಿರಬೇಕು ಅಂತಲೇ ಇದ್ದ, ತಪ್ಪು ನನ್ನದು, ಕ್ಷಮಿಸು ಅಂತ. ಹತ್ತಾರು ವರ್ಷ ಹಾಡಿಕೊಂಡು ಬಂದ ಕೋಪದ ಬುಡವೇ ಅಲ್ಲಿ ಅಲುಗಾಡುತ್ತದೆ. ಮೊದಲ ಸಲ ಕೇಳಿದಾಗ ಇದು ನಿಜವಾ, ನಾಟಕವಾ ಅಂತ ಹಿಂದಕ್ಕೆ ಹೋಗಿ ಮತ್ತೆ ಕೇಳಿದೆ. ಆ್ಯಪ್‌ನಲ್ಲಿ ಹಾಗೆ ಮಾಡಬಹುದು. ಬಾನುಲಿಯಲ್ಲಿ ನನ್ನ ಮಾತನ್ನು ನೀವು ಹಿಂದಕ್ಕೂ ಮುಂದಕ್ಕೂ ಓಡಿಸುವ ಹಾಗಿಲ್ಲ, ಸಹಿಸಿಕೊಳ್ಳಿ.

ಅದೇ ಆಲ್ಬಮ್‌ನ 'ನಾಯ್ಡ್' ಹಾಡಿನಲ್ಲಿ ಆಫ್ರಿಕಾದ ಜಾಂಬಿಯಾದ 'ನ್ಗೋಜಿ ಫ್ಯಾಮಿಲಿ' ತಂಡದ 1970ರ ದಶಕದ ಹಾಡಿನ ತುಣುಕು ಇದೆ. ಗರಗರ ಅನ್ನುವ ಗಿಟಾರ್, ಅಲ್ಲಿನ ಮಾತಿನಲ್ಲೇ ಹಾಡು. ಆ ಕಾಲದ ಜಾಂಬಿಯಾದ ರಾಕ್ ಸಂಗೀತಕ್ಕೆ ಜಾಮ್‌ರಾಕ್ ಅನ್ನುತ್ತಾರೆ. ಟೈಲರ್ ದೆಸೆಯಿಂದ ನಾನು ಅದನ್ನು ಹುಡುಕಿಕೊಂಡು ಹೋದೆ. ಹಿಪ್‌ಹಾಪ್‌ನಲ್ಲಿ ನನಗೆ ತುಂಬಾ ಇಷ್ಟವಾಗುವುದು ಇದೇ. ಒಂದು ಹೊಸ ಹಾಡು ಕೇಳಿದರೆ ಅದರ ಹಿಂದಿನ ಹಳೆಯ ಹಾಡೂ ಕೈಗೆ ಸಿಗುತ್ತದೆ.

2025ರ ಜುಲೈನಲ್ಲಿ ಅವರು ಇನ್ನೊಂದು ಆಲ್ಬಮ್ ಬಿಟ್ಟರು, 'ಡೋಂಟ್ ಟ್ಯಾಪ್ ದಿ ಗ್ಲಾಸ್'. ಮತ್ತೆ ಸೋಮವಾರ. ಈ ಸಲ ಬರೀ 10 ಹಾಡು, ಅರ್ಧ ಗಂಟೆಯೂ ಇಲ್ಲ. ನೀವು ಯಾಕೆ ಈಗ ಕುಣಿಯುವುದಿಲ್ಲ ಅಂತ ಗೆಳೆಯರನ್ನು ಕೇಳಿದರೆ, ಯಾರಾದರೂ ವಿಡಿಯೋ ಮಾಡಿಬಿಡುತ್ತಾರೆ ಅನ್ನುವ ಭಯ ಅಂದರಂತೆ. ಕುಣಿಸುವುದಕ್ಕೇ ಮಾಡಿದ ಆಲ್ಬಮ್ ಅದು. ಒಂದೇ ಜಾಗದಲ್ಲಿ ಕೂತು ಕೇಳಬೇಡಿ ಅಂತ ಮೊದಲ ಹಾಡಲ್ಲೇ ತಾಕೀತು. ಮದುವೆ ಮನೆಯಲ್ಲಿ ಫೋನ್ ಎತ್ತಿ ಹಿಡಿದವರನ್ನು ನೋಡಿದವರಿಗೆ ಆ ಭಯ ಅರ್ಥವಾಗುತ್ತದೆ, ಅಲ್ವಾ? ಹಾಡುಗಳು ಮಾತ್ರ 'ಕ್ರೊಮಕೋಪಿಯ'ದಷ್ಟು ಮನಸ್ಸಿನಲ್ಲಿ ನಿಲ್ಲುವುದಿಲ್ಲ.

ಲಾಸ್ ಏಂಜಲೀಸ್ ಕಡೆಯ ಇನ್ನೊಬ್ಬ ರ‍್ಯಾಪರ್ ಕೆಂಡ್ರಿಕ್ ಲಮಾರ್ ಶುಕ್ರವಾರವನ್ನು ಬಿಡಲಿಲ್ಲ. ಬಿಟ್ಟಿದ್ದು ಪ್ರಚಾರವನ್ನು. 2024ರ ನವೆಂಬರ್ 22ರಂದು, ಯಾರಿಗೂ ಸುಳಿವು ಕೊಡದೆ 'ಜಿಎನ್‌ಎಕ್ಸ್' ತಂದರು. 12 ಹಾಡು, ಮುಕ್ಕಾಲು ಗಂಟೆ. ಹೆಸರು ಒಂದು ಕಾರಿನದು. ಬ್ಯೂಕ್ ಕಂಪನಿ 1987ರಲ್ಲಿ 547 ಮಾತ್ರ ತಯಾರಿಸಿದ ಕಪ್ಪು ಕಾರು. ಕೆಂಡ್ರಿಕ್ ಹುಟ್ಟಿದ್ದೂ ಅದೇ ವರ್ಷ.

2024ರ ಮೇ ತಿಂಗಳಲ್ಲಿ ಡ್ರೇಕ್ ಜೊತೆಗಿನ ಜಗಳದಲ್ಲಿ ಕೆಂಡ್ರಿಕ್ ಬಿಟ್ಟ 'ನಾಟ್ ಲೈಕ್ ಅಸ್' ಇಡೀ ಜಗತ್ತಿನಲ್ಲಿ ಓಡಿತ್ತು. ಮುಂದೆ ಅದೊಂದೇ ಹಾಡಿಗೆ ಐದು ಗ್ರ್ಯಾಮಿ ಪ್ರಶಸ್ತಿ ಬಂತು. ಲೆಕ್ಕ ನೋಡುವವರಾದರೆ ಅದನ್ನು ಆಲ್ಬಮ್‌ನ ಕೊನೆಗೆ ಅಂಟಿಸಿ, ಅದರ ಕೋಟಿಗಟ್ಟಲೆ ಸ್ಟ್ರೀಮುಗಳನ್ನೂ ಇದರ ಖಾತೆಗೆ ಸೇರಿಸಿಕೊಳ್ಳುತ್ತಿದ್ದರು. 'ಜಿಎನ್‌ಎಕ್ಸ್'ನಲ್ಲಿ ಆ ಹಾಡು ಇಲ್ಲವೇ ಇಲ್ಲ. ಬದಲಿಗೆ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲದ ಲಾಸ್ ಏಂಜಲೀಸ್‌ನ ಹುಡುಗರಿದ್ದಾರೆ: ಹಿಟ್ಟಾ ಜೆ3, ಲೆಫ್ಟಿ ಗನ್‌ಪ್ಲೇ, ಎಝಡ್‌ಚೈಕ್. ದೊಡ್ಡ ಹೆಸರುಗಳು ಸಾಲಾಗಿ ನಿಲ್ಲಬೇಕಾದ ಜಾಗದಲ್ಲಿ ಊರಿನವರಿಗೆ ಮೈಕ್ ಕೊಟ್ಟಿದ್ದಾರೆ. ಆಲ್ಬಮ್ ಶುರುವಾಗುವುದೇ ಡೇರಾ ಬರೇರಾ ಅನ್ನುವ ಮೆಕ್ಸಿಕೋದ ಮರಿಯಾಚಿ ಸಂಗೀತದ ಗಾಯಕಿಯ ಸ್ಪ್ಯಾನಿಶ್ ದನಿಯಿಂದ. ಆ ಊರಿನಲ್ಲಿ ಮೆಕ್ಸಿಕೋ ಮೂಲದ ಜನ ಎಷ್ಟಿದ್ದಾರೆ ಅನ್ನುವುದು ಗೊತ್ತಿದ್ದರೆ ಆ ದನಿ ಅಲ್ಲಿ ಯಾಕಿದೆ ಅಂತ ಯಾರೂ ಹೇಳಬೇಕಾಗಿಲ್ಲ.

ನನಗೆ ಅದರಲ್ಲಿ ತೀರಾ ಹಿಡಿಸಿದ್ದು 'ರೀಇನ್‌ಕಾರ್ನೇಟೆಡ್'. ತೀರಿಕೊಂಡ ರ‍್ಯಾಪರ್ ಟುಪಾಕ್ ಶಕೂರ್ ಅವರ ಹಾಡಿನ ಮೇಲೆ ಕಟ್ಟಿದ್ದು. ಕೆಂಡ್ರಿಕ್ ತಮ್ಮ ಹಿಂದಿನ ಜನ್ಮಗಳ ಕಥೆ ಹೇಳುತ್ತಾರೆ. ಒಂದರಲ್ಲಿ ದುಡ್ಡಿನ ಆಸೆಗೆ ಬಿದ್ದ ಗಿಟಾರ್ ವಾದಕ, ಇನ್ನೊಂದರಲ್ಲಿ ಮಾದಕ ವಸ್ತುವಿಗೆ ಬಲಿಯಾದ ಗಾಯಕಿ. ಆಮೇಲೆ ಈ ಜನ್ಮ. ಅಲ್ಲಿಂದ ಹಾಡು ದೇವರ ಜೊತೆಗಿನ ವಾದಕ್ಕೆ ತಿರುಗುತ್ತದೆ. ನಾನು ಇಷ್ಟೆಲ್ಲ ಒಳ್ಳೆಯದು ಮಾಡಿದೆ ಅಂತ ಇವರು ಲೆಕ್ಕ ಒಪ್ಪಿಸಿದರೆ, ನಿನಗೆ ಜಗಳ ಅಂದರೆ ಇಷ್ಟ ಅಂತ ದೇವರು ತಿವಿಯುತ್ತಾನೆ. ಪೂರ್ವಜನ್ಮದ ಕರ್ಮದ ಮಾತು ನಮ್ಮ ಮನೆಗಳಲ್ಲಿ ದಿನಬೆಳಗಾದರೆ ಬರುತ್ತದೆ. ರ‍್ಯಾಪ್‌ನಲ್ಲಿ ಅದು ಇಷ್ಟು ಬಿಗಿಯಾಗಿ ಬಂದದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. 'ಹೇ ನೌ' ಹಾಡು ಮಾತ್ರ ಇಲ್ಲದಿದ್ದರೂ ನಡೆಯುತ್ತಿತ್ತು. ಬೈಯುವವರು ಬೈಯಲಿ.

ಇಷ್ಟು ಹೇಳಿದ ಮೇಲೆ, ಇವನಿಗೆ ಚಿಕ್ಕ ಆಲ್ಬಮ್ ಅಂದರೆ ಮಾತ್ರ ಇಷ್ಟ ಅಂದುಕೊಳ್ಳಬೇಡಿ. ಕೆನಡಾದ ಪ್ಯಾಟ್ರಿಕ್ ಫ್ಲೇಗಲ್ ಅವರು ಸಿಂಡಿ ಲೀ ಅನ್ನುವ ಹೆಸರಿನಲ್ಲಿ, ಹೆಣ್ಣಿನ ವೇಷದಲ್ಲಿ ಹಾಡುತ್ತಾರೆ. 2024ರ ಮಾರ್ಚ್ ಕೊನೆಗೆ ಬಂದ ಅವರ 'ಡೈಮಂಡ್ ಜುಬಿಲಿ'ಯಲ್ಲಿ 32 ಹಾಡು, ಎರಡು ಗಂಟೆಗೂ ಜಾಸ್ತಿ. ಸ್ಪಾಟಿಫೈನಲ್ಲಿ ಇರಲಿಲ್ಲ. ಯೂಟ್ಯೂಬ್‌ನಲ್ಲಿ ಇಡೀ ಆಲ್ಬಮ್ ಒಂದೇ ವಿಡಿಯೋ. ಇಲ್ಲದಿದ್ದರೆ 1990ರ ದಶಕದ್ದೇನೋ ಅನ್ನಿಸುವ ಒಂದು ಇಂಟರ್ನೆಟ್ ಪುಟಕ್ಕೆ ಹೋಗಿ ಇಳಿಸಿಕೊಳ್ಳಬೇಕಿತ್ತು, ಮನಸ್ಸಿದ್ದರೆ 30 ಕೆನಡಾ ಡಾಲರ್ ಕಳಿಸಬೇಕಿತ್ತು. ಅಷ್ಟೇ. ಪ್ರಚಾರ ಅನ್ನುವುದು ಇರಲೇ ಇಲ್ಲ. ಪಿಚ್‌ಫೋರ್ಕ್ ಪತ್ರಿಕೆ ಹತ್ತಕ್ಕೆ 9.1 ಕೊಟ್ಟ ಮೇಲೆ ಜನ ಮುಗಿಬಿದ್ದರು.

ಕೇಳುವುದಕ್ಕೆ ಹೇಗಿದೆ? 1960ರ ದಶಕದ ಹುಡುಗಿಯರ ಗುಂಪು ಹಾಡುಗಳನ್ನು ಪಕ್ಕದ ಮನೆಯ ರೇಡಿಯೋದಲ್ಲಿ, ಸ್ಟೇಷನ್ ಸರಿಯಾಗಿ ಹಿಡಿಯದೆ ಕೇಳಿದ ಹಾಗೆ. ಗಿಟಾರ್ ಒಂದು ಸಾಲಿನಲ್ಲಿ ಜೇನು, ಇನ್ನೊಂದರಲ್ಲಿ ಮುಳ್ಳು. ನಾನು ಇದನ್ನು ಬಿಡಿಬಿಡಿಯಾಗಿ ಕೇಳಲು ನೋಡಿದೆ, ಆಗಲಿಲ್ಲ. ಬಿಡುವಿನ ಮಧ್ಯಾಹ್ನ ಒಂದೇ ಉಸಿರಿಗೆ ಬಿಟ್ಟರೆ ಮಾತ್ರ ಹತ್ತಿರ ಬರುತ್ತದೆ. 30 ಸೆಕೆಂಡಿನ ಲೆಕ್ಕಕ್ಕೆ ಸಿಗುವ ಸಂಗೀತ ಅಲ್ಲ. ಆ ವರ್ಷದ ಇಂಡೀ ಆಲ್ಬಮ್‌ಗಳಲ್ಲಿ ನನ್ನ ಮೊದಲ ಆಯ್ಕೆ ಇದೇ.

ಎರಡನೆಯದು ಎಂಜೆ ಲೆಂಡರ್‌ಮನ್ ಅವರ 'ಮ್ಯಾನಿಂಗ್ ಫೈರ್‌ವರ್ಕ್ಸ್'. ಉತ್ತರ ಕ್ಯಾರೊಲೈನಾದ ಆಶ್‌ವಿಲ್ ಊರಿನ ಹುಡುಗ. ಬರೀ ಒಂಬತ್ತು ಹಾಡು. ಹಾಡುಗಳಲ್ಲಿ ಬರುವ ಗಂಡಸರೆಲ್ಲ ಜಂಬದವರು, ಒಳಗೊಳಗೇ ಸೋತವರು. ಒಬ್ಬ ತನ್ನ ಕೈಗಡಿಯಾರದಲ್ಲಿ ದಿಕ್ಸೂಚಿ ಇದೆ, ಫೋನ್ ಇದೆ ಅಂತ ಹೇಳಿಕೊಳ್ಳುತ್ತಾನೆ. ಮುಂದಿನ ಸಾಲಿನಲ್ಲಿ, ನೀನು ಒಂಟಿ ಅಂತ ಹೇಳುವುದೂ ಅದೇ ಗಡಿಯಾರ. ನಗು ಬರುತ್ತದೆ, ಆಮೇಲೆ ಯಾರೋ ಪರಿಚಯದವರು ನೆನಪಾಗುತ್ತಾರೆ. ಕೊನೆಯ ಹಾಡು ಸುಮಾರು 10 ನಿಮಿಷ, ಅರ್ಧಕ್ಕಿಂತ ಜಾಸ್ತಿ ಹೊತ್ತು ಮಾತೇ ಇಲ್ಲ, ಒಂದೇ ಸಮನೆ ಎಳೆದ ನಾದ. ಅದು ಬೇಜಾರು ಅಂತ ಕೆಲವರು ಅನ್ನುತ್ತಾರೆ. ಕಛೇರಿ ಮುಗಿದರೂ ನಿಲ್ಲದ ಶ್ರುತಿಗೆ ಕಿವಿ ಕೊಡುವವರಿಗೆ ಬೇಜಾರಾಗದು.

ನ್ಯೂಯಾರ್ಕಿನ ಗೀಸ್ ತಂಡದ ವಿಷಯ ಬೇರೆ. ಅವರ 'ಗೆಟಿಂಗ್ ಕಿಲ್ಡ್' 2025ರ ಸೆಪ್ಟೆಂಬರ್‌ನಲ್ಲಿ ಬಂತು. ಗಿಟಾರಿನ ರಾಕ್ ತಂಡ, ಆದರೆ ನಿರ್ಮಾಪಕ ಕೆನ್ನಿ ಬೀಟ್ಸ್. ವಿನ್ಸ್ ಸ್ಟೇಪಲ್ಸ್, ಡೆನ್ಜೆಲ್ ಕರಿ ಮುಂತಾದ ರ‍್ಯಾಪರ್‌ಗಳಿಗೆ ಬೀಟ್, ಅಂದರೆ ಹಿನ್ನೆಲೆ ಸಂಗೀತ, ಮಾಡಿದವರು. ಮೊದಲ ಹಾಡಿನಲ್ಲಿ ತಂಡದ ಗಾಯಕ ಕ್ಯಾಮರನ್ ವಿಂಟರ್ ಮೆಲ್ಲಗೆ ಗೊಣಗುತ್ತಾ ಬಂದು, ನನ್ನ ಕಾರಿನಲ್ಲಿ ಬಾಂಬ್ ಇದೆ ಅಂತ ಕಿರುಚುವಾಗ ಹಿಂದೆ ಕಿರುಚುವವರು ಜೆಪೆಗ್‌ಮಾಫಿಯಾ. ಅವರೂ ರ‍್ಯಾಪರ್. ಡ್ರಮ್ಮಿನ ಏಟು ಎದೆಗೆ ಬಂದು ಬಡಿಯುತ್ತದೆ. ಹಿಪ್‌ಹಾಪ್ ಒಂದು ಕಪಾಟು, ಇಂಡೀ ಇನ್ನೊಂದು ಕಪಾಟು ಅಂತ ಇಟ್ಟುಕೊಂಡವರು ಈ ಆಲ್ಬಮನ್ನು ಎಲ್ಲಿಡುತ್ತಾರೋ ನೋಡಬೇಕು. ವಿಂಟರ್ ದನಿ ಎಲ್ಲರಿಗೂ ಒಗ್ಗುವುದಿಲ್ಲ. ಗಂಟಲು ಸರಿಯಿಲ್ಲವೇನೋ ಅನ್ನಿಸುತ್ತದೆ. ನನಗೆ ಮೂರನೆಯ ಹಾಡಿನ ಹೊತ್ತಿಗೆ ಒಗ್ಗಿತು.

ಇನ್ನು ಕ್ಲಿಪ್ಸ್. ವರ್ಜೀನಿಯಾದ ಅಣ್ಣತಮ್ಮಂದಿರ ರ‍್ಯಾಪ್ ಜೋಡಿ. ಅಣ್ಣ ಮ್ಯಾಲಿಸ್, ತಮ್ಮ ಪುಶಾ ಟಿ. 2009ರ ನಂತರ ಅಣ್ಣ ದೇವರ ದಾರಿ ಹಿಡಿದರು, ತಮ್ಮ ಒಬ್ಬರೇ ಹಾಡಿಕೊಂಡಿದ್ದರು. 16 ವರ್ಷ ಆದ ಮೇಲೆ, 2025ರ ಜುಲೈ 11ರಂದು 'ಲೆಟ್ ಗಾಡ್ ಸಾರ್ಟ್ ಎಮ್ ಔಟ್' ಬಂತು. ಒಂದು ಹಾಡಿನಲ್ಲಿ ಕೆಂಡ್ರಿಕ್ ಹೇಳಿದ ಸಾಲುಗಳಿಗೆ ಕತ್ತರಿ ಹಾಕಿ ಅಂತ ಕಂಪನಿ ಪಟ್ಟು ಹಿಡಿಯಿತು ಅನ್ನುವುದು ಪುಶಾ ಟಿ ಮಾತು. ಇವರು ಕಂಪನಿಯನ್ನೇ ಬಿಟ್ಟು ಹೊರಬಂದು, ಬೇರೆ ಕಡೆಯಿಂದ ಆಲ್ಬಮ್ ತಂದರು. ಕತ್ತರಿ ಬೀಳಲಿಲ್ಲ.

ಮೊದಲ ಹಾಡು 'ದಿ ಬರ್ಡ್ಸ್ ಡೋಂಟ್ ಸಿಂಗ್'. ಇವರ ತಾಯಿ ತಂದೆ ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಂಡರು. ಪುಶಾ ಟಿ ತಾಯಿಯ ಬಗ್ಗೆ ಹೇಳುತ್ತಾರೆ, ಅಣ್ಣ ತಂದೆಯ ಬಗ್ಗೆ. ಅಣ್ಣ ಮನೆಗೆ ಬರುತ್ತಾರೆ. ತಂದೆಯ ಕಾರು ಹೊರಗೇ ನಿಂತಿದೆ, ಅಂದರೆ ಮನೆಯಲ್ಲಿದ್ದಾರೆ. ಬಾಗಿಲು ಬಡಿಯುತ್ತಾರೆ. ಮತ್ತೆ ಬಡಿಯುತ್ತಾರೆ. ಮೂರನೆಯ ಸಲಕ್ಕೆ ಮೈಯಲ್ಲಿ ಚಳಿ. ಇಷ್ಟನ್ನು ಅವರು ದನಿ ಏರಿಸದೆ ಹೇಳುತ್ತಾರೆ. ಮಾದಕ ವಸ್ತು ಮಾರಿದ ಕಥೆಗಳನ್ನೇ ಹೇಳಿ ಹೆಸರಾದ ಜೋಡಿ, 50ರ ಆಸುಪಾಸಿನಲ್ಲಿ ಹೀಗೆ ಶುರು ಮಾಡುತ್ತದೆ. ರ‍್ಯಾಪ್ ಹುಡುಗರ ಆಟ, ವಯಸ್ಸಾದರೆ ಬಿಡಬೇಕು ಅನ್ನುವವರಿಗೆ ನಾನು ಈ ಹಾಡು ಕೇಳಿಸುತ್ತೇನೆ. ನಡುವೆ ಆಲ್ಬಮ್‌ನ ನಿರ್ಮಾಪಕ ಫರೆಲ್ ವಿಲಿಯಮ್ಸ್ ಅವರ ಸಂಗೀತ ಸ್ವಲ್ಪ ಜಾಸ್ತಿಯೇ ಥಳಥಳಿಸುತ್ತದೆ. ಇದನ್ನು ಪ್ಯಾರಿಸ್‌ನಲ್ಲಿ ಲೂಯಿ ವಿಟಾನ್ ಫ್ಯಾಷನ್ ಕಂಪನಿಯ ಕಟ್ಟಡದಲ್ಲಿ ಮುದ್ರಿಸಿದ್ದು ಅಂತ ಓದಿದಾಗ ನಕ್ಕೆ.

ನಮ್ಮ ಬೆಂಗಳೂರಿನಿಂದಲೂ ಒಬ್ಬರನ್ನು ಹೇಳಲೇಬೇಕು. ಹನುಮಾನ್‌ಕೈಂಡ್. ಹುಟ್ಟಿದ್ದು ಕೇರಳದ ಮಲಪ್ಪುರಂ, ಓದಿ ಬೆಳೆದದ್ದು ಹೆಚ್ಚಾಗಿ ಅಮೆರಿಕದ ಹ್ಯೂಸ್ಟನ್, ರ‍್ಯಾಪರ್ ಆಗಿದ್ದು ಬೆಂಗಳೂರಿನಲ್ಲಿ. 2024ರ 'ಬಿಗ್ ಡಾಗ್ಸ್' ವಿಡಿಯೋ ನೀವು ನೋಡಿರಬಹುದು. ಜಾತ್ರೆಯಲ್ಲಿ ಮರದ ಹಲಗೆಯ ಬಾವಿಯೊಳಗೆ ಬೈಕು, ಕಾರು ಸುತ್ತಿಸುತ್ತಾರಲ್ಲ, ಅದರ ಮಧ್ಯೆ ನಿಂತು ಹಾಡಿದ್ದಾರೆ. 2025ರ ಜುಲೈನಲ್ಲಿ ಅವರ 'ಮಾನ್ಸೂನ್ ಸೀಸನ್' ಬಂತು. ಚೆಂಡೆ ಬಡಿಯುವ 'ರನ್ ಇಟ್ ಅಪ್' ಹಾಡನ್ನು ಎಷ್ಟು ಸಲ ಕೇಳಿದರೂ ಸಾಲದು. ಅಮೆರಿಕದ ಅತಿಥಿಗಳು ಬಂದ ಕಡೆ ಮಾತ್ರ ಇವರ ದನಿ ಅವರ ನಡುವೆ ತೆಳುವಾಗುತ್ತದೆ. ಮುಂದಿನ ಸಲ ಅತಿಥಿಗಳನ್ನು ಕಡಿಮೆ ಮಾಡಿ, ಚೆಂಡೆಯವರನ್ನು ಜಾಸ್ತಿ ಕರೆಯಲಿ ಅಂತ ನನ್ನ ಆಸೆ.

ಎಲ್ಲಿಂದ ಶುರು ಮಾಡಲಿ ಅನ್ನುವವರಿಗೆ: ಹಿಪ್‌ಹಾಪ್ ಹೊಸದಾದರೆ 'ಕ್ರೊಮಕೋಪಿಯ', ಇಂಡೀ ಹೊಸದಾದರೆ ಲೆಂಡರ್‌ಮನ್. ಸಿಂಡಿ ಲೀಗೆ ರಜೆಯ ದಿನವೇ ಬೇಕು. ಮತ್ತೆ, ಈ ರ‍್ಯಾಪ್ ಆಲ್ಬಮ್‌ಗಳಲ್ಲಿ ಬೈಗುಳಕ್ಕೆ ಬರವಿಲ್ಲ. ಮನೆಯಲ್ಲಿ ಅಜ್ಜಿ, ಮಕ್ಕಳು ಇದ್ದರೆ ಇಯರ್‌ಫೋನ್ ಹಾಕಿಕೊಳ್ಳಿ.