ಕೊಂಡ ಹಾಯ್ದವರ ಕಾಲು ಯಾಕೆ ಸುಡುವುದಿಲ್ಲ?

ಎಲ್ಲರಿಗೂ ನಮಸ್ಕಾರ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಯಾರ ದೇವರನ್ನೂ ಸುಳ್ಳು ಮಾಡಲು ನಾನು ಇಲ್ಲಿ ನಿಂತಿಲ್ಲ. ಕೆಂಡದ ಗುಣ ಹೇಳಲು ನಿಂತಿದ್ದೇನೆ, ಅಷ್ಟೇ.

ನಮ್ಮ ಮೈಸೂರು, ಮಂಡ್ಯ, ಚಾಮರಾಜನಗರದ ಕಡೆ ಕೊಂಡ ಹಾಯುವುದು ಅಂತೀವಿ. ಉತ್ತರ ಕರ್ನಾಟಕದಲ್ಲಿ ಅಗ್ಗಿ ಹಾಯುವುದು, ಕರಾವಳಿಯಲ್ಲಿ ಕೆಂಡಸೇವೆ. ರಾತ್ರಿಯೆಲ್ಲ ಗಾಡಿಗಟ್ಟಲೆ ಸೌದೆ ಉರಿದು, ಬೆಳಗಿನ ಜಾವಕ್ಕೆ ನಿಗಿನಿಗಿ ಕೆಂಡ. ಕೆಂಪಗೆ ಕಾಣುತ್ತಿದೆ ಎಂದರೆ 500 ಡಿಗ್ರಿ ಸೆಲ್ಸಿಯಸ್ ದಾಟಿದೆ ಅಂತ ಅರ್ಥ. ಅದರ ಮೇಲೆ ಪೂಜಾರಿ ಬರಿಗಾಲಲ್ಲಿ ನಡೆದು ಆಚೆ ನಿಲ್ಲುತ್ತಾರೆ. ಅಂಗಾಲಲ್ಲಿ ಒಂದು ಬೊಬ್ಬೆಯೂ ಇಲ್ಲ!

ಇದರ ಗುಟ್ಟು ನಮ್ಮಜ್ಜಿಯ ಅಡುಗೆಮನೆಯಲ್ಲೇ ಇತ್ತು. ಒಲೆಯಿಂದ ಕೆಂಡ ಹೊರಗೆ ಉರುಳಿದರೆ ಅಜ್ಜಿ ಎರಡು ಬೆರಳಲ್ಲಿ ಎತ್ತಿ ಪಟ್ಟನೆ ಒಳಗೆ ಎಸೆಯುತ್ತಿದ್ದರು. ಅದೇ ಅಜ್ಜಿ ಸಾರಿನ ಪಾತ್ರೆ ಇಳಿಸಲು ಮಾತ್ರ ಮಸಿಬಟ್ಟೆ ಹುಡುಕುತ್ತಿದ್ದರು. ಕುದಿಯುವ ಪಾತ್ರೆ ಹೆಚ್ಚೆಂದರೆ 100 ಡಿಗ್ರಿ ಚಿಲ್ಲರೆ. ಕೆಂಡದ ಬಿಸಿ ಅದರ ಐದು ಪಟ್ಟು. ಹಾಗಾದರೆ ಅಜ್ಜಿ ಹೆದರುತ್ತಿದ್ದದ್ದು ಯಾವುದಕ್ಕೆ? ಪಾತ್ರೆಗೆ!

ಒಂದು ವಸ್ತು ಎಷ್ಟು ಬಿಸಿ ಇದೆ ಅನ್ನುವುದು ಬೇರೆ, ಆ ಬಿಸಿ ಎಷ್ಟು ಬೇಗ ನಮ್ಮ ಚರ್ಮಕ್ಕೆ ದಾಟುತ್ತದೆ ಅನ್ನುವುದು ಬೇರೆ. ಲೋಹ ಕೊಡುಗೈ. ಮುಟ್ಟಿದ ಕೂಡಲೇ ಸುರಿದುಬಿಡುತ್ತದೆ. ಇದ್ದಿಲು ಜಿಪುಣ. ಹಗುರ, ಒಳಗೆಲ್ಲ ಗಾಳಿಗೂಡು. ಕೈಯಲ್ಲಿರುವುದೇ ಕಡಿಮೆ, ಅದನ್ನೂ ಬಿಟ್ಟುಕೊಡುವುದಿಲ್ಲ. ಕಬ್ಬಿಣದಲ್ಲಿ ಶಾಖ ಹರಿಯುವುದು ಇದ್ದಿಲಿಗಿಂತ ನೂರಾರು ಪಟ್ಟು ಸಲೀಸು. ಕಾಲಿಟ್ಟಾಗ ಕೆಂಡದ ಮೇಲ್ಪದರದ ಶಾಖ ಅಂಗಾಲಿಗೆ ಬರುತ್ತದೆ, ನಿಜ. ಆದರೆ ಆ ಜಾಗಕ್ಕೆ ಒಳಗಿನಿಂದ ಮತ್ತೆ ಶಾಖ ಬಂದು ತುಂಬಿಕೊಳ್ಳುವುದು ನಿಧಾನ. ಅಷ್ಟರಲ್ಲಿ ಕಾಲು ಎತ್ತಿ ಆಗಿರುತ್ತದೆ. ಒಂದು ಹೆಜ್ಜೆ ಕೆಂಡದ ಮೇಲೆ ಇರುವುದು ಅರ್ಧ ಸೆಕೆಂಡ್ ಇದ್ದೀತು. ಮೇಲೆ ಬೂದಿ ಬೇರೆ. ಅದೂ ಕಂಬಳಿ ಹೊದ್ದ ಹಾಗೆ ತಡೆಯುತ್ತದೆ.

ಒದ್ದೆ ಕಾಲಿನಿಂದ ಆವಿ ಎದ್ದು ಕಾಪಾಡುತ್ತದೆ ಎಂದು ಕೆಲವರು ಹೇಳುತ್ತಾರೆ. ಕಾದ ಕಾವಲಿ ಮೇಲೆ ನೀರು ಚಿಮುಕಿಸಿದರೆ ಹನಿ ಓಡಾಡುತ್ತದಲ್ಲ, ಹಾಗೆ. ಆದರೆ 1935ರಲ್ಲಿ ಇಂಗ್ಲೆಂಡಿನ ಕಾರ್ಶಾಲ್ಟನ್‌ನಲ್ಲಿ ಹ್ಯಾರಿ ಪ್ರೈಸ್ ಎಂಬವರು ನಡೆಸಿದ ಪರೀಕ್ಷೆ ಇದಕ್ಕೆ ಒಪ್ಪುವುದಿಲ್ಲ. ಕಾಶ್ಮೀರದ ಖುದಾ ಬಕ್ಷ್ ಅವರ ಕಾಲು ತೊಳೆದು, ಒರೆಸಿ, ಒಣಗಿಸಿಯೇ ಕೆಂಡಕ್ಕೆ ಬಿಟ್ಟರು. ಮೇಲ್ಮೈ 430 ಡಿಗ್ರಿ. ಅವರು ನಡೆದರು, ಕಾಲಿಗೆ ಏನೂ ಆಗಲಿಲ್ಲ. ನೋಡಲು ಬಂದಿದ್ದವರಲ್ಲೂ ಕೆಲವರು ಹುಮ್ಮಸ್ಸಿನಲ್ಲಿ ಇಳಿದು ಬೊಬ್ಬೆ ಎಬ್ಬಿಸಿಕೊಂಡರು! ಗಟ್ಟಿ ಹೆಜ್ಜೆಗೂ ತಡವರಿಸುವ ಹೆಜ್ಜೆಗೂ ಅಷ್ಟು ವ್ಯತ್ಯಾಸ.

ಅದಕ್ಕೇ ನನಗೆ ಭಕ್ತಿಯನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ಭಕ್ತಿ ಕೆಂಡವನ್ನು ತಣ್ಣಗೆ ಮಾಡಲ್ಲ, ಕಾಲನ್ನು ನಡುಗದ ಹಾಗೆ ಇಡುತ್ತದೆ. ಸ್ಪೇನಿನ ಸ್ಯಾನ್ ಪೆದ್ರೊ ಮನ್ರಿಕೆ ಎಂಬ ಹಳ್ಳಿಯಲ್ಲಿ ಪ್ರತಿ ಜೂನ್ 23ರ ರಾತ್ರಿ ಹೀಗೇ ಕೆಂಡ ಹಾಯುತ್ತಾರೆ, ಅದೂ ಬೆನ್ನ ಮೇಲೆ ಇನ್ನೊಬ್ಬರನ್ನು ಹೊತ್ತು. ಅಲ್ಲಿ ಸಂಶೋಧಕರು ಎದೆಬಡಿತ ಅಳೆದು 2011ರಲ್ಲಿ ಪ್ರಕಟಿಸಿದರು. ಹಾಯುವವರ ಎದೆಬಡಿತದ ಏರಿಳಿತ, ನೋಡುತ್ತಿದ್ದ ಅವರ ನೆಂಟರ, ಗೆಳೆಯರ ಎದೆಬಡಿತದ ಜೊತೆ ಹೊಂದುತ್ತಿತ್ತು. ಸಂಬಂಧವಿಲ್ಲದ ಪ್ರೇಕ್ಷಕರ ಜೊತೆ ಹೊಂದಲಿಲ್ಲ. ನಮ್ಮ ಜಾತ್ರೆಯಲ್ಲಿ ಅಳೆದರೂ ಹಾಗೇ ಬರುತ್ತದೇನೋ ಅಂತ ನನಗೆ ಆಸೆ.

ಆದರೆ ಕೆಂಡ ಸುಡುವುದೇ ಇಲ್ಲ ಅಂದುಕೊಳ್ಳಬೇಡಿ. ನಿಂತರೆ ಸುಡುತ್ತದೆ. ಓಡಿದರೂ ಕಷ್ಟ, ಬೆರಳು ಒಳಗೆ ಹೂತು ಕೆಂಡ ಪಾದದ ಮೇಲೆ ಬೀಳುತ್ತದೆ. ಅಲ್ಲಿ ಚರ್ಮ ತೆಳು. ಎಡವಿ ಬಿದ್ದರಂತೂ ಜೀವಕ್ಕೇ ಅಪಾಯ. ಮಗು ಎತ್ತಿಕೊಂಡು ಹಾಯುವುದನ್ನು ನೋಡಿದರೆ ನನಗೆ ಸಿಟ್ಟೇ ಬರುತ್ತದೆ. ಇನ್ನೊಂದು, ಸೌದೆ ಜೊತೆ ಹಳೇ ಬಾಗಿಲು, ಕಿಟಕಿ ಹಾಕಬೇಡಿ. ಮರ ಉರಿದುಹೋದರೂ ಮೊಳೆ ಅಲ್ಲೇ ಉಳಿಯುತ್ತದೆ. ಅದು ಕಬ್ಬಿಣ, ಕೊಡುಗೈ!

ಇನ್ನು ಪ್ರಶ್ನೆ ಕೇಳಿ. ಹಿಂದಿನ ಸಾಲಿನ ಹುಡುಗ ಆಗಿನಿಂದ ಕೈ ಎತ್ತಿಕೊಂಡೇ ಕೂತಿದ್ದಾನೆ. ಹೇಳಪ್ಪ.